ಪ್ರೈವಸಿ ಪಾಠ: ಯಾರ ಕಣ್ಣಿಗೆ ಹೆದರುತ್ತೇವೆ?

ಈ ಪಾಠ ಓದುವಾಗ ಒಂದೇ ಪ್ರಶ್ನೆ ಹಿಡಿದುಕೊಳ್ಳಿ: ಜನ ತಮ್ಮ ಮಾಹಿತಿಯನ್ನು ಯಾರಿಂದ ಮುಚ್ಚಿಡಲು ನೋಡುತ್ತಾರೆ? "ಪ್ರೈವಸಿ ಬಗ್ಗೆ ಚಿಂತೆ ಇದೆಯಾ" ಅಂತ ಸುಮ್ನೆ ಕೇಳಿದರೆ ಯಾವ ದೇಶದವರಾದರೂ ಹೂಂ ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ.

ಜರ್ಮನಿಯವರಿಗೆ ಹಳೆಯ ಭಯ ಸರ್ಕಾರದ್ದು. ನಾಜಿಗಳು ಜನರ ಬಗ್ಗೆ ಮಾಡಿದ ಪಟ್ಟಿ, ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯ ಕಡತ ಎರಡನ್ನೂ ಕಂಡ ದೇಶ. 1983ರಲ್ಲಿ ಜನಗಣತಿಗೇ ತಕರಾರು ತೆಗೆದು ಸಾಂವಿಧಾನಿಕ ಕೋರ್ಟಿಗೆ ಹೋದರು, ನಿಮ್ಮ ಮಾಹಿತಿಯನ್ನು ಏನು ಮಾಡಬೇಕು ಅನ್ನುವ ಹಕ್ಕು ನಿಮ್ಮದೇ ಅಂತ ತೀರ್ಪೂ ಬಂತು. 2010ರಲ್ಲಿ ಬೀದಿ ಬೀದಿಯ ಫೋಟೋ ತೆಗೆದು ಮ್ಯಾಪಿನಲ್ಲಿ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಬಂದಾಗ ಸುಮಾರು 2.44 ಲಕ್ಷ ಮನೆಯವರು ನಮ್ಮ ಮನೆ ಮಸುಕು ಮಾಡಿ ಅಂದರು. ಅದೇ ಸ್ಟ್ರೀಟ್ ವ್ಯೂ 2022ರಲ್ಲಿ ಪುಣೆಗೆ ಬಂತು, ನಾವು ಮಾಡಿದ್ದೇನು? ನಮ್ಮ ಬಿಲ್ಡಿಂಗ್ ಕಾಣುತ್ತಾ ಅಂತ ಹುಡುಕಿದ್ದು! ಅದಕ್ಕೂ ಮೊದಲು, 2011ರಲ್ಲಿ, ಬೆಂಗಳೂರಿನಲ್ಲಿ ಅದನ್ನು ನಿಲ್ಲಿಸಿದ್ದು ಪೊಲೀಸರು.

ನಾರ್ವೆ ಉಲ್ಟಾ. ಅಲ್ಲಿ ಯಾರ ಆದಾಯ, ತೆರಿಗೆ ಎಷ್ಟು ಅಂತ ಊರವರೆಲ್ಲ ನೋಡಬಹುದು. ಆದರೆ 2014ರಿಂದ, ನೋಡಿದವರು ಯಾರು ಅಂತ ಆ ಮನುಷ್ಯನಿಗೂ ಗೊತ್ತಾಗುತ್ತದೆ, ಆಮೇಲೆ ಇಣುಕುವವರು ಕಡಿಮೆಯಾದರು. ನಮ್ಮಲ್ಲಿ ಸಂಬಳ ಎಷ್ಟು ಅಂತ ಸೋದರಮಾವನಿಗೂ ಸರಿಯಾಗಿ ಹೇಳಲ್ಲ, ಅಲ್ವಾ.

ಅಮೆರಿಕದವರಿಗೆ ಕಂಪನಿಗಳ ಮೇಲೆ ಅನುಮಾನ ಜಾಸ್ತಿ. ಆದರೂ ಅಲ್ಲಿನ ಸಮೀಕ್ಷೆ ಸಂಸ್ಥೆ ಪ್ಯೂ 2023ರಲ್ಲಿ ಕೇಳಿದಾಗ 56% ಜನ, ಷರತ್ತು ಓದದೆ ಒಪ್ಪಿಬಿಡುವುದೇ ಹೆಚ್ಚು ಅಂದರು. ಚಿಂತೆ ಇದೆ ಅಂತಲೇ ಮಾಹಿತಿ ಕೊಟ್ಟುಬಿಡುವ ಈ ವಿರೋಧಾಭಾಸವೇ ಪಠ್ಯದಲ್ಲಿ ಪ್ರೈವಸಿ ಪ್ಯಾರಡಾಕ್ಸ್ ಅಂತ ಬರುವುದು. ನನಗೆ ಇದರಲ್ಲಿ ಅಂಥ ಒಗಟೇನೂ ಕಾಣಲ್ಲ. ಒಪ್ಪದಿದ್ದರೆ ಆಪ್ ತೆರೆಯುವುದೇ ಇಲ್ಲ ಅಂದಮೇಲೆ ಓದಿ ಮಾಡುವುದೇನು? 2021ರಲ್ಲಿ ಆಪಲ್ ತನ್ನ ಫೋನಿನಲ್ಲಿ, ಈ ಆಪ್ ನಿಮ್ಮ ಬೆನ್ನು ಹತ್ತಬಹುದಾ ಅಂತ ನೇರವಾಗಿ ಕೇಳಿಸಿತು. ಅಲ್ಲಿ ಬಹಳ ಜನ ಬೇಡ ಅಂತಲೇ ಒತ್ತಿದರು.

ಇನ್ನು ನಾವು. ಪ್ರೈವಸಿ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಪರೀಕ್ಷೆಗೆ ಈ ಹೆಸರು ಬೇಕೇ ಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಈಗ ಪುಣೆಯ ಸದಾಶಿವ ಪೇಠದ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ. "ಆಧಾರ್ ವಾಟ್ಸಾಪ್ ಮಾಡಿ" ಅಂತಾರೆ, ಕಳಿಸುತ್ತೇವೆ, ಅವರ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ನಮಗಿಂತ ಮುಂಚೆ ಬಂದವರ ಪ್ಯಾನ್ ಕಾರ್ಡು, ಮಾರ್ಕ್ಸ್ ಕಾರ್ಡು, ಬಾಡಿಗೆ ಕರಾರು ಎಲ್ಲ ಸಾಲಾಗಿ ಕಾಣುತ್ತಿರುತ್ತವೆ. ಯಾರಿಗೂ ಏನೂ ಅನ್ನಿಸಲ್ಲ. ಅದೇ ಅಂಗಡಿಯವನು ಓಟಿಪಿ ಹೇಳಿ ಅನ್ನಲಿ ನೋಡೋಣ, ಜಗಳವೇ ಆಗುತ್ತದೆ!

ಅಂದರೆ ನಮ್ಮ ಭಯವೆಲ್ಲ ದುಡ್ಡು ಹೋಗುವುದರ ಬಗ್ಗೆ. ಆದರೆ ದುಡ್ಡು ಹೋಗುವ ದಾರಿಯೂ ಇಲ್ಲಿಂದಲೇ ಶುರುವಾಗಬಹುದು: ಪೊಲೀಸ್ ಅಂತ ಸುಳ್ಳು ಹೇಳಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅಂತ ಫೋನಿನಲ್ಲೇ ಹೆದರಿಸುವ ವಂಚಕ ನಿಮ್ಮ ಹೆಸರು, ವಿಳಾಸ, ಆಧಾರ್ ನಂಬರ್ ಸರಿಯಾಗಿ ಓದಿ ಹೇಳಿದರೆ ಎದೆ ಝಲ್ ಅನ್ನುತ್ತದೆ, ನಿಜವಾದ ಪೊಲೀಸನೇ ಇರಬೇಕು ಅನ್ನಿಸಿಬಿಡುತ್ತದೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಜೆರಾಕ್ಸ್‌ಗೆ, ಸಾಧ್ಯವಿದ್ದ ಕಡೆಯೆಲ್ಲ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ.