ಯೂನಿಟಿ ಎಂಬ ಊರಿನಲ್ಲಿ ತಲಾ 107 ಮತ

2008ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಯೂನಿಟಿ ಎಂಬ ಪುಟ್ಟ ಊರಿನ ಬಯಲಿನಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ಒಂದೇ ವೇದಿಕೆ ಹತ್ತಿದರು. ಊರಿನ ಹೆಸರಿನ ಅರ್ಥವೇ ಒಗ್ಗಟ್ಟು. ಅದಕ್ಕಿಂತ ಹೆಚ್ಚಾಗಿ, ಆ ವರ್ಷದ ಜನವರಿಯ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸಲು ನಡೆಯುವ ಮತದಾನದಲ್ಲಿ) ಅಲ್ಲಿನ ಜನ ಇಬ್ಬರಿಗೂ ಸರಿಸಮವಾಗಿ ತಲಾ 107 ಮತ ಹಾಕಿದ್ದರು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಹದಿನೇಳು ತಿಂಗಳು ಒಬ್ಬರ ವಿರುದ್ಧ ಒಬ್ಬರು ಪ್ರಚಾರ ಮಾಡಿದ್ದ ಈ ಇಬ್ಬರು ಅಂದು ಜನರ ಮುಂದೆ ಅಕ್ಕಪಕ್ಕ ನಿಂತ ದೃಶ್ಯದ ಹಿಂದೆ, ಡೆಮಾಕ್ರಟಿಕ್ ಪಕ್ಷ ಸುಮಾರು ನಾಲ್ಕು ದಶಕಗಳಿಂದ ಹೊತ್ತುಕೊಂಡು ಬಂದಿದ್ದ ಒಂದು ಭಯವಿತ್ತು: ಒಳಜಗಳ ಉದ್ದಕ್ಕೆ ಬೆಳೆದರೆ ನವೆಂಬರ್‌ನಲ್ಲಿ ಎದುರಾಳಿ ಪಕ್ಷ ಸಲೀಸಾಗಿ ಗೆಲ್ಲುತ್ತದೆ ಎಂಬ ಭಯ.

ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ, ‘ಗೆಲ್ಲುವ ಕುದುರೆ’ ಯಾವುದೆಂಬ ಲೆಕ್ಕಾಚಾರ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಅಮೆರಿಕದಲ್ಲಿ ಆ ತೀರ್ಮಾನ ಪಕ್ಷದ ಸಾಮಾನ್ಯ ಮತದಾರರದು. ರಾಜ್ಯದಿಂದ ರಾಜ್ಯಕ್ಕೆ ಪ್ರೈಮರಿ ಇಲ್ಲವೇ ಕಾಕಸ್ (ಪಕ್ಷದ ಬೆಂಬಲಿಗರ ಸ್ಥಳೀಯ ಸಭೆ) ನಡೆದು, ಅಲ್ಲಿ ಸಿಕ್ಕ ಮತಕ್ಕೆ ತಕ್ಕಂತೆ ಆಯ್ಕೆಯಾದ ಪ್ರತಿನಿಧಿಗಳು ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಆದರೆ ಅಲ್ಲಿಯೂ ಇದು ಹಿಂದಿನಿಂದ ನಡೆದು ಬಂದ ಪದ್ಧತಿಯಲ್ಲ. ರಕ್ತ ಹರಿದ ಒಂದು ಸಮಾವೇಶದ ನಂತರ ಬಂದದ್ದು.

1968ರಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಪ್ರೈಮರಿಯೇ ಇರಲಿಲ್ಲ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಕಣಕ್ಕಿಳಿದ ಯೂಜಿನ್ ಮೆಕಾರ್ಥಿ ಅವರು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ 42ರಷ್ಟು ಮತ ಪಡೆದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಬಲ ಕುಸಿಯಿತು. ಮಾರ್ಚ್ 31ರಂದು ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾವನ್ನು ಗೆದ್ದ ರಾತ್ರಿಯೇ ಇನ್ನೊಬ್ಬ ಆಕಾಂಕ್ಷಿ ರಾಬರ್ಟ್ ಕೆನಡಿ ಅವರ ಮೇಲೆ ಗುಂಡಿನ ದಾಳಿ ನಡೆದು, ಅವರು ಮರುದಿನ ಅಸುನೀಗಿದರು. ಕೊನೆಗೆ ಷಿಕಾಗೊ ಸಮಾವೇಶದಲ್ಲಿ ಅಭ್ಯರ್ಥಿಯಾದವರು ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದಿದ್ದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಸಭಾಂಗಣದೊಳಗೆ ಯುದ್ಧವಿರೋಧಿ ನಿರ್ಣಯ ಸೋಲುತ್ತಿದ್ದರೆ, ಹೊರಗೆ ಮಿಷಿಗನ್ ಅವೆನ್ಯೂದಲ್ಲಿ ಪೊಲೀಸರು ಪ್ರತಿಭಟನಕಾರರನ್ನು ಲಾಠಿಯಿಂದ ಬಡಿಯುತ್ತಿದ್ದುದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಮತದಾನಕ್ಕೆ ಒಂದೇ ವಾರ ಉಳಿದಿದ್ದಾಗ ಮೆಕಾರ್ಥಿ ಅರೆಮನಸ್ಸಿನಿಂದ ಹಂಫ್ರಿ ಅವರಿಗೆ ಬೆಂಬಲ ಘೋಷಿಸಿದರು. ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ ಎದುರು ಹಂಫ್ರಿ ಸೋತದ್ದು ಸುಮಾರು 5 ಲಕ್ಷ ಮತಗಳಿಂದ. ಚಲಾವಣೆಯಾಗಿದ್ದ ಮತಗಳು 7 ಕೋಟಿಗೂ ಹೆಚ್ಚು.

ಈ ಸೋಲಿಗೆ ಒಳಜಗಳವೇ ಕಾರಣವೆಂದು ಬಹಳ ಮಂದಿ ಬರೆದಿದ್ದಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಜಗಳ ನಡೆದದ್ದಕ್ಕಿಂತಲೂ, ಪ್ರೈಮರಿಗಳಲ್ಲಿ ಹಾಕಿದ ಮತಗಳಿಗೆ ಕಿಂಚಿತ್ತೂ ಬೆಲೆ ಸಿಗಲಿಲ್ಲವೆಂಬ ನೋವು ಯುದ್ಧವಿರೋಧಿ ಯುವಜನರನ್ನು ಪಕ್ಷದಿಂದ ದೂರ ಮಾಡಿತು. ಪಕ್ಷದ ನಾಯಕರೂ ಇದನ್ನು ಗ್ರಹಿಸಿದ್ದರಿಂದಲೇ ಮೆಕ್‌ಗವರ್ನ್–ಫ್ರೇಸರ್ ಆಯೋಗದ ಮೂಲಕ ಪ್ರತಿನಿಧಿಗಳ ಆಯ್ಕೆಯನ್ನು ಮತದಾರರ ಕೈಗೆ ಒಪ್ಪಿಸಿದರು. ಹೊಸ ನಿಯಮದಡಿ 1972ರಲ್ಲಿ ಗೆದ್ದು ಬಂದ ಜಾರ್ಜ್ ಮೆಕ್‌ಗವರ್ನ್ ಅವರು 49 ರಾಜ್ಯಗಳಲ್ಲಿ ಸೋತಾಗ ಲೋಲಕ ಮತ್ತೆ ಇನ್ನೊಂದು ಬದಿಗೆ ವಾಲಿತು.

1980ರ ಗಾಯ ಇನ್ನೂ ಆಳವಾದದ್ದು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ವಿರುದ್ಧ ಅವರದೇ ಪಕ್ಷದ ಸೆನೆಟರ್ ಎಡ್ವರ್ಡ್ ಕೆನಡಿ ಸ್ಪರ್ಧಿಸಿದರು. ಪ್ರತಿನಿಧಿಗಳ ಲೆಕ್ಕದಲ್ಲಿ ಹಿಂದೆ ಬಿದ್ದ ಮೇಲೂ ಪಟ್ಟು ಬಿಡದ ಕೆನಡಿ, ಪ್ರತಿನಿಧಿಗಳು ಆಯ್ಕೆಯಾದಾಗಿನ ನಿಷ್ಠೆಗೆ ಕಟ್ಟುಬೀಳಬೇಕಿಲ್ಲ ಎಂಬ ವಾದವನ್ನು ನ್ಯೂಯಾರ್ಕ್ ಸಮಾವೇಶದವರೆಗೂ ಒಯ್ದು ಅಲ್ಲಿ ಸೋತರು. ಕೊನೆಯ ರಾತ್ರಿ ವೇದಿಕೆಯ ಮೇಲೆ ಕೆನಡಿ ಅವರ ಕೈ ಹಿಡಿದು ಮೇಲೆತ್ತಿ ಒಗ್ಗಟ್ಟು ತೋರಿಸಲು ಕಾರ್ಟರ್ ಹವಣಿಸುತ್ತಿದ್ದರೆ, ಕೆನಡಿ ಕೈಕುಲುಕಿ ಪಕ್ಕಕ್ಕೆ ಸರಿದರು. ಅಧ್ಯಕ್ಷರೊಬ್ಬರು ಅದೇ ವೇದಿಕೆಯಲ್ಲಿ ತಮ್ಮ ಪಕ್ಷದವರ ಹಿಂದೆ ಕೈಗಾಗಿ ಓಡಾಡಿದಂತೆ ಕಂಡ ಆ ಕೆಲವು ನಿಮಿಷಗಳನ್ನು ಟಿವಿ ಕ್ಯಾಮೆರಾಗಳು ಬಿಡದೆ ತೋರಿಸಿದವು. ನವೆಂಬರ್‌ನಲ್ಲಿ ಕಾರ್ಟರ್ ಅವರಿಗೆ ದಕ್ಕಿದ್ದು ಆರು ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ.

ಇದಾದ ಬಳಿಕ, 1982ರಲ್ಲಿ ಹಂಟ್ ಆಯೋಗದ ಶಿಫಾರಸಿನಂತೆ ಹುಟ್ಟಿಕೊಂಡವರೇ ಸೂಪರ್ ಡೆಲಿಗೇಟ್‌ಗಳು. ಸಂಸದರು, ರಾಜ್ಯಪಾಲರು, ಪಕ್ಷದ ಪದಾಧಿಕಾರಿಗಳು ಯಾವ ರಾಜ್ಯದ ಮತಕ್ಕೂ ಕಟ್ಟುಬೀಳದೆ ತಮ್ಮ ವಿವೇಕದಂತೆ ಮತ ಹಾಕಬಹುದು ಎಂಬುದು ಅದರ ಸಾರ. (ಅಲ್ಲಿನ ರಾಜ್ಯಪಾಲರು ಜನರಿಂದಲೇ ಆಯ್ಕೆಯಾಗುವವರು, ನಮ್ಮ ಮುಖ್ಯಮಂತ್ರಿಗಳ ಸ್ಥಾನದವರು.) ಜನ ಭಾವಾವೇಶದಲ್ಲಿ ಸೋಲುವ ಕುದುರೆಯನ್ನು ಆರಿಸಿದರೆ ಅನುಭವಸ್ಥರು ತಡೆಯಲಿ ಎಂಬ ಆಶಯ ಅದರಲ್ಲಿತ್ತು. 1984ರಲ್ಲಿ ಅವರ ಬಹುಪಾಲು ಬೆಂಬಲ ಪಡೆದು ಅಭ್ಯರ್ಥಿಯಾದ ವಾಲ್ಟರ್ ಮಾಂಡೇಲ್ ಕೂಡ 49 ರಾಜ್ಯಗಳಲ್ಲಿ ಸೋತರು. ಗೆಲ್ಲುವವರನ್ನು ಗುರುತಿಸುವ ಕಣ್ಣು ನಾಯಕರಿಗೆ ಜನರಿಗಿಂತ ಚುರುಕಾಗಿದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಈ ಎಲ್ಲ ಹಳೆಯ ಲೆಕ್ಕಗಳೂ ಒಟ್ಟಿಗೆ ಮೇಲೆದ್ದು ಬಂದದ್ದು 2008ರಲ್ಲಿ. ಜನವರಿ 3ರಂದು, ಬಹುತೇಕ ಬಿಳಿಯರೇ ಇರುವ ಅಯೋವದಲ್ಲಿ ಒಬಾಮ ಗೆದ್ದಾಗ, ಕರಿಯ ಅಭ್ಯರ್ಥಿಗೆ ಬಿಳಿಯರು ಮತ ಹಾಕುತ್ತಾರೆಯೇ ಎಂದು ಅನುಮಾನಿಸುತ್ತಿದ್ದ ಕರಿಯ ಮತದಾರರಲ್ಲಿಯೇ ಧೈರ್ಯ ಮೂಡಿತು; ಆ ತಿಂಗಳ ಕೊನೆಯ ವೇಳೆಗೆ ಸೌತ್ ಕೆರೊಲೈನಾದಲ್ಲಿ ಅವರಿಗೆ ಶೇ 55ರಷ್ಟು ಮತ ಬಂತು. ಗೆಲ್ಲುವ ಸಾಮರ್ಥ್ಯವೆಂಬುದು ಅಭ್ಯರ್ಥಿಯೊಳಗೆ ಮೊದಲೇ ಕುಳಿತಿರುವ ಗುಣವಲ್ಲ, ಒಂದು ಗೆಲುವು ಇನ್ನೊಂದು ಗೆಲುವನ್ನು ನಂಬಲರ್ಹವಾಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಫೆಬ್ರುವರಿಯಲ್ಲಿ ಸಾಲಾಗಿ ಗೆದ್ದ ಒಬಾಮ ಪ್ರತಿನಿಧಿಗಳ ಲೆಕ್ಕದಲ್ಲಿ ಮುಂದೆ ಹೋದ ಮೇಲೆ, ಮತಕ್ಕೆ ತಕ್ಕಂತೆ ಸ್ಥಾನ ಹಂಚುವ ನಿಯಮದಿಂದಾಗಿ ಆ ಅಂತರವನ್ನು ತುಂಬುವುದು ಕ್ಲಿಂಟನ್ ಅವರಿಗೆ ದುಸ್ತರವಾಯಿತು. ಟೆಕ್ಸಸ್‌ನಲ್ಲಿ ಪ್ರೈಮರಿ ಗೆದ್ದವರು ಕ್ಲಿಂಟನ್. ಅದೇ ದಿನ ರಾತ್ರಿ ನಡೆದ ಕಾಕಸ್‌ನ ಲೆಕ್ಕವೂ ಸೇರಿದಾಗ ಹೆಚ್ಚು ಪ್ರತಿನಿಧಿಗಳು ಸಿಕ್ಕಿದ್ದು ಒಬಾಮ ಅವರಿಗೆ. ಹೀಗಾಗಿ ಕ್ಲಿಂಟನ್ ಬಳಗ ತನ್ನ ವಾದವನ್ನು ಸೂಪರ್ ಡೆಲಿಗೇಟ್‌ಗಳ ಮುಂದಿಟ್ಟಿತು: ಒಹಾಯೊ, ಪೆನ್ಸಿಲ್ವೇನಿಯಾದಂಥ ನಿರ್ಣಾಯಕ ರಾಜ್ಯಗಳನ್ನು ಗೆದ್ದವರು ನಾವು, ಕಾರ್ಖಾನೆ ಊರುಗಳ ಬಿಳಿಯ ದುಡಿಯುವ ವರ್ಗ ನಮ್ಮ ಜೊತೆಗಿದೆ, ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಅವರನ್ನು ಸೋಲಿಸಬಲ್ಲವರು ನಾವೇ. ಮೇ 13ರಂದು ವೆಸ್ಟ್ ವರ್ಜೀನಿಯಾದಲ್ಲಿ ಕ್ಲಿಂಟನ್ 41 ಶೇಕಡಾ ಅಂಶಗಳ ಅಂತರದಿಂದ ಗೆದ್ದದ್ದು ಈ ವಾದಕ್ಕೆ ಬಲ ಕೊಟ್ಟಿತು. ಆದರೆ ನಾಗರಿಕ ಹಕ್ಕುಗಳ ಹೋರಾಟಗಾರ, ಸಂಸದ ಜಾನ್ ಲೂಯಿಸ್ ಅಂಥವರು ಅಷ್ಟರಲ್ಲಾಗಲೇ ತಮ್ಮ ಕ್ಷೇತ್ರದ ಮತದಾರರ ತೀರ್ಪಿಗೆ ತಲೆಬಾಗಿ ಕ್ಲಿಂಟನ್ ಪಾಳಯದಿಂದ ಒಬಾಮ ಕಡೆಗೆ ಬಂದಿದ್ದರು.

ಉಳಿದದ್ದು ಮಿಷಿಗನ್ ಮತ್ತು ಫ್ಲಾರಿಡಾದ ಕಗ್ಗಂಟು. ನಿಗದಿತ ವೇಳೆಗಿಂತ ಮುಂಚೆ ಪ್ರೈಮರಿ ನಡೆಸಿದ್ದಕ್ಕೆ ಪಕ್ಷ ಆ ಎರಡೂ ರಾಜ್ಯಗಳ ಪ್ರತಿನಿಧಿಗಳನ್ನು ಅನರ್ಹಗೊಳಿಸಿತ್ತು. ಮಿಷಿಗನ್‌ನ ಮತಪತ್ರದಲ್ಲಿ ಒಬಾಮ ಹೆಸರೇ ಇರಲಿಲ್ಲ. ಮೇ 31ರಂದು ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ಸೇರಿದ ನಿಯಮಾವಳಿ ಸಮಿತಿ, ಎರಡೂ ರಾಜ್ಯಗಳ ಪ್ರತಿನಿಧಿಗಳಿಗೆ ತಲಾ ಅರ್ಧ ಮತ ನೀಡಿತು. ಫ್ಲಾರಿಡಾದ ನಿರ್ಣಯಕ್ಕೆ 27 ಸದಸ್ಯರೂ ಒಪ್ಪಿದರೆ, ಮಿಷಿಗನ್‌ನದ್ದು 19–8ರಲ್ಲಿ ಅಂಗೀಕಾರವಾಯಿತು. ಕ್ಲಿಂಟನ್ ಬೆಂಬಲಿಗರ ‘ಡೆನ್ವರ್! ಡೆನ್ವರ್!’ ಎಂಬ ಕೂಗು ಸಭಾಂಗಣವನ್ನು ತುಂಬಿತು. ಜಗಳವನ್ನು ಡೆನ್ವರ್ ನಗರದ ಆಗಸ್ಟ್‌ನ ಸಮಾವೇಶದವರೆಗೂ ಒಯ್ಯುತ್ತೇವೆ ಎಂಬ ಎಚ್ಚರಿಕೆ ಅದು. ತಾನು ಹಾಕಿದ ಮತವನ್ನು ಅರ್ಧವೆಂದು ಎಣಿಸಿದರು ಎಂಬ ಮತದಾರರ ಸಂಕಟವನ್ನು ಬರೀ ಬಂಡಾಯವೆಂದು ತಳ್ಳಿಹಾಕುವುದು ಅನ್ಯಾಯ.

ಆದರೂ ಕ್ಲಿಂಟನ್ 1980ರ ದಾರಿ ಹಿಡಿಯಲಿಲ್ಲ. ಜೂನ್ 7ರಂದು ಸೋಲೊಪ್ಪಿಕೊಂಡರು, ಯೂನಿಟಿಗೆ ಬಂದರು, ಆಗಸ್ಟ್ 27ರಂದು ಡೆನ್ವರ್‌ನಲ್ಲಿ ರಾಜ್ಯವಾರು ಮತ ಎಣಿಕೆ ನಡೆಯುತ್ತಿದ್ದಾಗ ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತು, ನಿಯಮ ಬದಿಗಿಟ್ಟು ಒಬಾಮ ಅವರನ್ನು ಘೋಷದ ಮೂಲಕ ಆಯ್ಕೆ ಮಾಡಬೇಕೆಂದು ತಾವೇ ಸೂಚಿಸಿದರು. ಎಣಿಕೆ ಶುರುವಾಗಿದ್ದರಿಂದ ಅವರ ಬೆಂಬಲಿಗರ ಮತಗಳೂ ಒಂದಿಷ್ಟು ದಾಖಲಾಗಿದ್ದವು. ಆ ಗೌರವದ ಬೆಲೆ ದೊಡ್ಡದು. ಒಡಕು ತರುತ್ತದೆಂದು ಹೆದರಿದ್ದ ಉದ್ದದ ಪೈಪೋಟಿ ಇನ್ನೊಂದು ಕೆಲಸವನ್ನೂ ಮಾಡಿತ್ತು. ದಶಕಗಳಿಂದ ಪ್ರೈಮರಿಯಲ್ಲಿ ಯಾರೂ ಕೇಳದಿದ್ದ ಇಂಡಿಯಾನಾ, ನಾರ್ತ್ ಕೆರೊಲೈನಾಗಳಲ್ಲಿ ಮೇ ತಿಂಗಳಲ್ಲಿ ಭಾರೀ ಪ್ರಚಾರ ನಡೆದು ಹೊಸ ಮತದಾರರು ನೋಂದಣಿಯಾದರು. ನವೆಂಬರ್‌ನಲ್ಲಿ ಆ ಎರಡನ್ನೂ, ಜೊತೆಗೆ ಒಹಾಯೊ, ಪೆನ್ಸಿಲ್ವೇನಿಯಾಗಳನ್ನೂ ಒಬಾಮ ಗೆದ್ದರು. 1964ರ ನಂತರ ಇಂಡಿಯಾನಾ ಡೆಮಾಕ್ರಟರಿಗೆ ಒಲಿದದ್ದು ಅದೇ ಮೊದಲು. ಸೆಪ್ಟೆಂಬರ್‌ನ ಆರ್ಥಿಕ ಕುಸಿತವೂ ಈ ಗೆಲುವಿಗೆ ದೊಡ್ಡ ಕಾರಣ ಎಂಬುದನ್ನು ಮರೆಯುವಂತಿಲ್ಲ.

2016ರಲ್ಲಿ ಕ್ಲಿಂಟನ್ ಎದುರು ಸ್ಪರ್ಧಿಸಿದ್ದ ಬರ್ನಿ ಸ್ಯಾಂಡರ್ಸ್ ಅವರ ಬೆಂಬಲಿಗರು ಸೂಪರ್ ಡೆಲಿಗೇಟ್‌ಗಳ ಮೇಲೆ ತಿರುಗಿಬಿದ್ದರು. ಪಕ್ಷ 2018ರಲ್ಲಿ ಷಿಕಾಗೊದಲ್ಲೇ ಸಭೆ ಸೇರಿ, ಪೈಪೋಟಿಯಿರುವ ಮೊದಲ ಸುತ್ತಿನಲ್ಲಿ ಅವರು ಮತ ಹಾಕುವಂತಿಲ್ಲವೆಂದು ನಿಯಮ ತಿದ್ದಿತು. ಆರು ವರ್ಷಗಳ ಬಳಿಕ, 2024ರಲ್ಲಿ, ಪ್ರೈಮರಿಗಳನ್ನು ಗೆದ್ದಿದ್ದ ಜೋ ಬೈಡನ್ ಅವರು ಗೆಲ್ಲಲಾರರು ಎಂಬ ನಾಯಕರ ಒತ್ತಡಕ್ಕೆ ಮಣಿದು ಜುಲೈ 21ರಂದು ಹಿಂದೆ ಸರಿದರು. ಒಂದೂ ಪ್ರೈಮರಿ ಎದುರಿಸದೆ ಅವರ ಜಾಗಕ್ಕೆ ಬಂದ ಕಮಲಾ ಹ್ಯಾರಿಸ್ ಅವರನ್ನು ಪಕ್ಷ ಕೆಲವೇ ದಿನಗಳಲ್ಲಿ ಒಮ್ಮತದಿಂದ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ಸಮಾವೇಶ ಸೇರಿದ್ದು ಮತ್ತೆ ಷಿಕಾಗೊದಲ್ಲಿ. ಒಳಗೆ ಭಿನ್ನಮತದ ಸೊಲ್ಲು ಹೆಚ್ಚೇನೂ ಕೇಳಲಿಲ್ಲ. ನವೆಂಬರ್‌ನಲ್ಲಿ ಹ್ಯಾರಿಸ್ ಅವರಿಗೆ 226 ಮತ್ತು ಡೊನಾಲ್ಡ್ ಟ್ರಂಪ್ ಅವರಿಗೆ 312 ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ತೀರ್ಮಾನಿಸುವ, ರಾಜ್ಯಗಳಿಗೆ ಹಂಚಿದ ಮತಗಳು) ಬಂದವು.