ಪರದೇಶದಲ್ಲಿ ಪೊಲೀಸರಿಗೆ ಫೋನ್ ಮಾಡುವ ಮುಂಚೆ

ಅಭಿವೃದ್ಧಿಶೀಲ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಕಾನೂನು ಸಲಹೆ ಕೊಡುವುದು ನನ್ನ ಕೆಲಸ. ನಾನೂ ಅಂಥ ಕಡೆ ವರ್ಷಗಟ್ಟಲೆ ವಿದೇಶಿಯಾಗಿ ಇದ್ದವನು. ಹೊರಡುವ ಮುಂಚೆ ಎಲ್ಲರೂ ಕೇಳುವುದು ಒಂದೇ ಮಾತು: "ಅಲ್ಲಿ ಸೇಫಾ ಸಾರ್?" ಅಲ್ಲಿನ ಪೊಲೀಸು, ಕೋರ್ಟು ಹೇಗೆ ನಡೆಯುತ್ತೆ ಅಂತ ಕೇಳುವವರು ತೀರಾ ಕಡಿಮೆ.

ಸೇಫ್ಟಿ ವಿಷಯ ಬೇಗ ಹೇಳಿಬಿಡುತ್ತೇನೆ. ಎಲ್ಲರಿಗೂ ಕಳ್ಳರ ಭಯ, ಆದರೆ ಜಾಸ್ತಿ ಹೆದರಬೇಕಾಗಿರುವುದು ರಸ್ತೆಗೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ, ಅದರಲ್ಲಿ ಶೇ. 92ರಷ್ಟು ಸಾವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿ. ರಾತ್ರಿ ಹೊತ್ತು ಊರಿಂದೂರಿಗೆ ಹೋಗಬೇಡಿ. ಮನೆಗಂತೂ ಎತ್ತರದ ಕಾಂಪೌಂಡು, ಗೇಟಿಗೆ ಕಾವಲುಗಾರ ಇದ್ದೇ ಇರುತ್ತಾರೆ, ಕಂಪನಿಯೇ ದುಡ್ಡು ಕೊಡುತ್ತೆ.

ಆ ಕಾವಲುಗಾರನ ಬಗ್ಗೆಯೇ ನಾನು ಹೇಳಬೇಕಿರುವುದು.

ಒಬ್ಬ ಎಂಜಿನಿಯರ್ ಮನೆಯಿಂದ ಲ್ಯಾಪ್‌ಟಾಪ್ ಕಾಣೆಯಾಯಿತು. ಆ ದಿನ ಗೇಟಿನ ರಿಜಿಸ್ಟರ್‌ನಲ್ಲಿ ಇದ್ದಿದ್ದು ಕಾವಲುಗಾರನ ಸಹಿ ಮಾತ್ರ. ಸಿಟ್ಟಿನಲ್ಲಿ ಪೊಲೀಸರಿಗೆ ಫೋನ್ ಮಾಡಿ ಆತನ ಹೆಸರು ಹೇಳಿಬಿಟ್ಟರು. ವಿಚಾರಿಸಿ ಬಿಟ್ಟುಬಿಡುತ್ತಾರೆ ಅಂತ ಅಂದುಕೊಂಡಿದ್ದರು. ಸಂಜೆಯೇ ಆತನನ್ನು ಕರೆದುಕೊಂಡು ಹೋದರು. ನಾಲ್ಕನೇ ದಿನ ಲ್ಯಾಪ್‌ಟಾಪ್ ಆಫೀಸ್ ಕಾರಿನ ಸೀಟಿನಡಿ ಸಿಕ್ಕಿತು! ದೂರು ವಾಪಸ್ ತೆಗೆದುಕೊಳ್ಳಲು ಓಡಿದರೆ, ಕಡತ ಆಗಲೇ ಕೋರ್ಟಿಗೆ ಹೋಗಿದೆ ಅಂದರು. ಜಾಮೀನಿಗೆ ದುಡ್ಡಿಲ್ಲ, ವಕೀಲರಿಲ್ಲ, ಆತ ಐದು ವಾರ ಒಳಗಿದ್ದ. ಆ ಜೈಲಿನಲ್ಲಿ ಊಟ ಮನೆಯವರೇ ತಂದು ಕೊಡಬೇಕು. ಆತನ ಹೆಂಡತಿ ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ನನ್ನ ಆಫೀಸಿನ ಬೆಂಚಿನ ಮೇಲೆ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಯಾಕೆ ಹೀಗಾಗುತ್ತೆ? ಪೊಲೀಸರೆಲ್ಲ ಕೆಟ್ಟವರು ಅಂತಲ್ಲ. ಎಷ್ಟೋ ಕಡೆ ಠಾಣೆಯ ಜೀಪಿಗೆ ಡೀಸೆಲ್ ಇರುವುದಿಲ್ಲ, ಬೆರಳಚ್ಚು ತೆಗೆಯುವ ಸಾಮಾನು ಇರುವುದಿಲ್ಲ, ಸಂಬಳವೂ ಅಷ್ಟಕ್ಕಷ್ಟೇ. ಸಾಕ್ಷಿ ಹುಡುಕಲು ಏನೂ ಇಲ್ಲದಿದ್ದಾಗ ಉಳಿಯುವ ದಾರಿ ತಪ್ಪೊಪ್ಪಿಗೆ, ಅದನ್ನು ಹೇಗೆ ಹೊರಡಿಸುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮೇಲಾಗಿ ದೂರು ಕೊಟ್ಟವರು ವಿದೇಶಿಯಾದರೆ ಬೇಗ ಯಾರನ್ನಾದರೂ ಹಿಡಿದು ತೋರಿಸುವ ಒತ್ತಡ ಬೇರೆ. ವಿಚಾರಣೆ ಮುಗಿಯುವ ತನಕ ಒಳಗಿಡುವುದೇ ವಾಡಿಕೆ ಆಗಬಾರದು ಅಂತ ವಿಶ್ವಸಂಸ್ಥೆಯ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಹೇಳುತ್ತದೆ. ಆದರೂ ಜಗತ್ತಿನ ಜೈಲುಗಳಲ್ಲಿ ಇರುವವರ ಪೈಕಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೇಲೆ ಇನ್ನೂ ತೀರ್ಪೇ ಬಂದಿಲ್ಲ.

ಬೀದಿಯಲ್ಲಿ ಯಾರನ್ನಾದರೂ ಕಳ್ಳ ಅಂತ ಬೆರಳು ತೋರಿಸುವುದು ಇನ್ನೂ ಅಪಾಯ. ಕೋರ್ಟಿನ ಮೇಲೆ ನಂಬಿಕೆ ಹೋದ ಕಡೆ ಗುಂಪೇ ತೀರ್ಪು ಕೊಡುತ್ತದೆ. ಯಾರಾದರೂ ಮೊಬೈಲ್ ಕಸಿದುಕೊಂಡು ಓಡಿದರೆ "ಕಳ್ಳ, ಕಳ್ಳ" ಅಂತ ಕೂಗಬೇಡಿ. ಮೊಬೈಲ್ ಹೋಗಲಿ, ಒಬ್ಬ ಹುಡುಗನ ಜೀವ ಹೋಗಬಾರದು.

ನೀವೇ ಸಿಕ್ಕಿಬಿದ್ದರೆ? ಕಾನ್ಸುಲರ್ ಸಂಬಂಧಗಳ ಬಗೆಗಿನ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಬಂಧಿತ ವಿದೇಶಿಗೆ ತನ್ನ ದೇಶದ ಕಾನ್ಸುಲೇಟ್‌ಗೆ, ಅಂದರೆ ಅಲ್ಲಿರುವ ತನ್ನ ಸರ್ಕಾರದ ಕಚೇರಿಗೆ, ಸುದ್ದಿ ಮುಟ್ಟಿಸುವ ಹಕ್ಕಿದೆ ಅಂತ ತಡಮಾಡದೆ ತಿಳಿಸಬೇಕು. ಅವರೇ ಹೇಳಲಿ ಅಂತ ಸುಮ್ನೆ ಕಾಯಬೇಡಿ, ಬಾಯಿಬಿಟ್ಟು ಕೇಳಿ. ಇದನ್ನು ಮುರಿಯುವುದು ಬಡದೇಶಗಳಷ್ಟೇ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ಲಾಗ್ರಾಂಡ್ ಎಂಬ ಜರ್ಮನ್ ಸಹೋದರರಿಗೆ ಈ ಹಕ್ಕನ್ನು ಸಮಯಕ್ಕೆ ತಿಳಿಸಲೇ ಇಲ್ಲ. 1999ರಲ್ಲಿ ಇಬ್ಬರಿಗೂ ಮರಣದಂಡನೆ ಜಾರಿ ಮಾಡಿದ ಮೇಲೆ, 2001ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಮೆರಿಕ ಒಪ್ಪಂದ ಮುರಿದಿದೆ ಅಂತ ಹೇಳಿತು. ಕಾನ್ಸುಲೇಟ್‌ನವರು ಬಂದು ನೋಡುತ್ತಾರೆ, ವಕೀಲರ ಪಟ್ಟಿ ಕೊಡುತ್ತಾರೆ, ಮನೆಗೆ ತಿಳಿಸುತ್ತಾರೆ. ಬಿಡಿಸಿಕೊಂಡು ಬರಲು ಅವರಿಗೂ ಆಗುವುದಿಲ್ಲ. ಓದಲು ಬಾರದ ಭಾಷೆಯ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ, ದುಭಾಷಿ ಬೇಕು ಅನ್ನಿ.

ಹಾಗಾದರೆ ದೂರೇ ಕೊಡಬಾರದಾ? ಹಲ್ಲೆ, ದರೋಡೆ ಆದರೆ ಖಂಡಿತ ಕೊಡಿ. ಸಾಮಾನು ಕಾಣೆಯಾಗಿದ್ದರೆ ಮೊದಲು ಎರಡು ದಿನ ಹುಡುಕಿ. ವಿಮೆಗೆ ಪೊಲೀಸರ ಕಾಗದ ಬೇಕಾದರೆ ಏನು ಹೋಯಿತು, ಯಾವಾಗ ಹೋಯಿತು ಅಂತ ಬರೆಸಿ, ಕಣ್ಣಾರೆ ನೋಡದೆ ಯಾರ ಹೆಸರನ್ನೂ ಹೇಳಬೇಡಿ. ದೂರು ತಪ್ಪು ಅಂತ ಗೊತ್ತಾದರೆ ಅವತ್ತೇ ಲಿಖಿತವಾಗಿ ಕೊಟ್ಟು, ಒಳಗಿರುವವರಿಗೆ ನಿಮ್ಮ ಖರ್ಚಿನಲ್ಲೇ ವಕೀಲರನ್ನು ಇಡಿ. ಆ ಎಂಜಿನಿಯರ್ ಕೂಡ ಇಟ್ಟರು, ಆದರೆ ಮೂರು ವಾರ ಕಳೆದ ಮೇಲೆ.