ಎಳೆಗೆ ಬಲ, ರಾಳಕ್ಕೆ ಹೊಣೆ

ಬುಟ್ಟಿ ಹೆಣೆಯುವ ಮೇದರು ಬಿದಿರಿನ ತುದಿಗೆ ಕತ್ತಿಯಿಟ್ಟು ಒಂದೇಟು ಹಾಕಿದರೆ ಸಾಕು, ಸೀಳು ಸರಸರನೆ ಗೆಣ್ಣಿನಿಂದ ಗೆಣ್ಣಿಗೆ ಓಡುತ್ತದೆ. ಅದೇ ಬಿದಿರನ್ನು ಅಡ್ಡಲಾಗಿ ತುಂಡರಿಸಲು ಹೋದರೆ ಕತ್ತಿ ಮತ್ತೆ ಮತ್ತೆ ಬೀಳಬೇಕು. ಬಿದಿರಿನೊಳಗೆ ಸೆಲ್ಯುಲೋಸಿನ ನಾರುಗಳು ಉದ್ದಕ್ಕೂ ಸಾಲಾಗಿ ನಿಂತಿವೆ. ಅವನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಲಿಗ್ನಿನ್ ಎಂಬ ಅಂಟಿನಂಥ ವಸ್ತು. ಅಡ್ಡಕ್ಕೆ ಕಡಿಯುವವರು ನಾರಿನೊಡನೆ ಸೆಣಸಬೇಕು. ಉದ್ದಕ್ಕೆ ಸೀಳುವವರಿಗೆ ಎದುರಾಗುವುದು ಲಿಗ್ನಿನ್ ಮತ್ತು ಸುತ್ತಲಿನ ಮೆದು ಜೀವಕೋಶಗಳು ಮಾತ್ರ.

ವಿಮಾನದ ರೆಕ್ಕೆ, ಗಾಳಿಯಂತ್ರದ ಅಲಗು, ಮೀನುಗಾರರ ಫೈಬರ್ ದೋಣಿ, ಮನೆಯ ಎಫ್‌ಆರ್‌ಪಿ (ಎಳೆ ಸೇರಿಸಿ ಬಲಪಡಿಸಿದ ಪ್ಲಾಸ್ಟಿಕ್) ಬಾಗಿಲು ಎಲ್ಲವೂ ಇದೇ ಜಾತಿಯವು. ಗಾಜಿನದೋ ಕಾರ್ಬನ್ನಿನದೋ ಸಣ್ಣ ಎಳೆಗಳು, ಅವನ್ನು ತುಂಬಿ ಸುತ್ತುವರಿದ ಇನ್ನೊಂದು ವಸ್ತು. ಆ ಇನ್ನೊಂದು ವಸ್ತುವಿಗೆ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಹೆಚ್ಚಿನ ಕಡೆ ಅದು ಎಪಾಕ್ಸಿ, ಪಾಲಿಯೆಸ್ಟರ್‌ನಂಥ ರಾಳ. ಕೆಲವೆಡೆ ಲೋಹ, ಕೆಲವೆಡೆ ಸೆರಾಮಿಕ್. ಹೀಗೆ ಎಳೆ ಮತ್ತು ಮ್ಯಾಟ್ರಿಕ್ಸ್ ಸೇರಿ ಆದ ವಸ್ತುವೇ ಕಾಂಪೊಸಿಟ್. ಕಾಂಪೊಸಿಟ್‌ಗಳ ಬಗ್ಗೆ ಬರುವ ಬರಹಗಳೆಲ್ಲ ಕಾರ್ಬನ್ ಎಳೆಯನ್ನೇ ಹೊಗಳುತ್ತವೆ. ನನಗೆ ಇದು ಅನ್ಯಾಯವೆನಿಸುತ್ತದೆ. ವಸ್ತು ಎಷ್ಟು ಭಾರ ತಡೆದೀತು ಎಂಬುದನ್ನು ಎಳೆ ಹೇಳುತ್ತದೆ, ನಿಜ. ಆದರೆ ಅದು ಎಷ್ಟು ಬಿಸಿಯಲ್ಲಿ, ಎಷ್ಟು ತೇವದಲ್ಲಿ, ಎಷ್ಟು ಪೆಟ್ಟು ತಿಂದು, ಎಷ್ಟು ವರ್ಷ ಬಾಳೀತು, ಕೊನೆಗೆ ಯಾವ ಬಗೆಯಲ್ಲಿ ಸೋತೀತು ಎಂಬುದನ್ನು ಬಹುಪಾಲು ನಿರ್ಧರಿಸುವುದು ಮ್ಯಾಟ್ರಿಕ್ಸ್.

ಬಲದ ಲೆಕ್ಕದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಸಾಧಾರಣ ದರ್ಜೆಯ ಕಾರ್ಬನ್ ಎಳೆ ಸುಮಾರು 3500 ಮೆಗಾಪಾಸ್ಕಲ್ ಸೆಳೆತ ತಡೆಯುತ್ತದೆ. ಎಪಾಕ್ಸಿ 100 ಮೆಗಾಪಾಸ್ಕಲ್ ಮುಟ್ಟುವ ಮೊದಲೇ ಸೋಲುತ್ತದೆ. ಹಾಗಾದರೆ ಈ ದುರ್ಬಲ ರಾಳವೇಕೆ, ಎಳೆಗಳನ್ನಷ್ಟೇ ಕಟ್ಟಿ ಬಳಸಬಾರದೇ? ಒಂದು ಎಳೆಯ ದಪ್ಪ ಬರೀ 7 ಮೈಕ್ರೋಮೀಟರ್, ಮತ್ತು ಪ್ರತಿ ಎಳೆಯಲ್ಲೂ ಎಲ್ಲಾದರೊಂದು ಕಡೆ ಕಣ್ಣಿಗೆ ಕಾಣದ ಊನ ಇದ್ದೇ ಇರುತ್ತದೆ. ಬಿಡಿ ಎಳೆಗಳ ಕಟ್ಟಿನಲ್ಲಿ ಒಂದು ಎಳೆ ತುಂಡಾಯಿತೆಂದರೆ ಅದರ ಇಡೀ ಉದ್ದವೇ ನಿರುಪಯೋಗಿ. ರಾಳದೊಳಗೆ ಹುದುಗಿದ ಎಳೆ ತುಂಡಾದರೆ ಮಾತ್ರ ಕಥೆ ಬೇರೆ. ಆ ಎಳೆ ಬಿಟ್ಟ ಭಾರವನ್ನು ಸುತ್ತಲಿನ ರಾಳ ಜಾರುಬಲದ ಮೂಲಕ ಪಕ್ಕದ ಎಳೆಗಳಿಗೆ ದಾಟಿಸುತ್ತದೆ, ಸ್ವಲ್ಪ ದೂರ ಹೋದ ಮೇಲೆ ಅದೇ ಎಳೆಗೆ ಮರಳಿ ಹೊರಿಸುತ್ತದೆ. ಮುರಿತದ ಎರಡೂ ಬದಿ ಸೇರಿ ಎಷ್ಟು ದೂರ? ಎಳೆಯ ಬಲವನ್ನು ಅದರ ವ್ಯಾಸದಿಂದ ಗುಣಿಸಿ, ರಾಳ ಮತ್ತು ಎಳೆಯ ನಡುವಿನ ಹಿಡಿತದ ಎರಡರಷ್ಟರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಹಿಡಿತ 50 ಮೆಗಾಪಾಸ್ಕಲ್ ಎಂದಿಟ್ಟುಕೊಂಡರೆ ಬರುವ ಉದ್ದ ಕಾಲು ಮಿಲಿಮೀಟರ್. ಇಷ್ಟು ಉದ್ದದ ತುಂಡೂ ತನ್ನ ನಟ್ಟನಡುವೆ ಪೂರ್ತಿ ಬಲವನ್ನು ದುಡಿಸಬಲ್ಲದು ಎಂದರ್ಥ. ಒಂದು ಮೀಟರ್ ಎಳೆ ಹತ್ತು ಕಡೆ ಮುರಿದರೂ ಬಹುಪಾಲು ಕೆಲಸದಲ್ಲೇ ಇರುತ್ತದೆ. ಇಡೀ ಕಾಂಪೊಸಿಟ್ ಎಂಜಿನಿಯರಿಂಗ್ ನಿಂತಿರುವುದು ಈ ಕಾಲು ಮಿಲಿಮೀಟರಿನ ಮೇಲೆ.

ಎಳೆದಾಗಿನ ಮಾತು ಇದು. ಅದುಮಿದಾಗ ರಾಳದ ಪಾತ್ರ ಇನ್ನೂ ಹಿರಿದು. ಇಷ್ಟು ಸಣ್ಣ ಎಳೆ ಒಂಟಿಯಾಗಿ ಒತ್ತಡ ತಡೆಯಲಾರದು, ಕೂಡಲೇ ಬಾಗುತ್ತದೆ. ಅಕ್ಕಪಕ್ಕದಿಂದ ಒತ್ತಿ ಹಿಡಿದು ಅದನ್ನು ನೇರವಾಗಿ ನಿಲ್ಲಿಸುವುದು ರಾಳ. ಹಾಗಾಗಿ ಕಾರ್ಬನ್ ಕಾಂಪೊಸಿಟ್‌ನ ಅದುಮು ಬಲ ಸೆಳೆತದ ಬಲಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ. ಇನ್ನೂ ಬಲವಾದ ಎಳೆ ತಂದು ಹಾಕಿದರೆ ಇದು ಸರಿಹೋಗುವುದಿಲ್ಲ. ರಾಳದ ಬಿಗುಪು ಹೆಚ್ಚಬೇಕು, ಎಳೆಗಳು ನೆಟ್ಟಗಿರಬೇಕು. ಹಾರುವಾಗ ವಿಮಾನದ ರೆಕ್ಕೆಯ ಮೇಲ್ಮೈ ಅದುಮಿಗೆ ಸಿಗುತ್ತದೆ, ಕೆಳಮೈ ಸೆಳೆತಕ್ಕೆ. ಮೇಲ್ಮೈಯ ಲೆಕ್ಕ ಹಾಕುವಾಗ ರಾಳವನ್ನು ಮರೆಯುವಂತೆಯೇ ಇಲ್ಲ.

ರಾಳದ ಆಯ್ಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಎಂಜಿನ್ ಚರಿತ್ರೆಯಲ್ಲೊಂದು ಉದಾಹರಣೆ ಇದೆ. ಬ್ರಿಟನ್ನಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ 1960ರ ದಶಕದ ಮೊದಲರ್ಧದಲ್ಲಿ ಗಟ್ಟಿ ಕಾರ್ಬನ್ ಎಳೆ ಮಾಡುವ ವಿಧಾನ ಕಂಡುಕೊಂಡಿತು. ರೋಲ್ಸ್‌ರಾಯ್ಸ್ ತನ್ನ ಆರ್‌ಬಿ211 ಎಂಜಿನ್ನಿನ ಮುಂದಿನ ಬೀಸಣಿಗೆಯ ಅಲಗುಗಳನ್ನು ಹೈಫಿಲ್ ಎಂಬ ಕಾರ್ಬನ್ ಕಾಂಪೊಸಿಟ್‌ನಲ್ಲಿ ಮಾಡಲು ಹೊರಟಿತು. ತೂಕ ಇಳಿಯಿತು, ಬಲದಲ್ಲೂ ಕೊರತೆ ಇರಲಿಲ್ಲ. ಆದರೆ 1970ರಲ್ಲಿ ಹಕ್ಕಿ ಬಡಿದಾಗ ಏನಾಗುತ್ತದೆಂದು ನೋಡುವ ಪರೀಕ್ಷೆಯಲ್ಲಿ ಅಲಗುಗಳು ಸೋತವು. ಪದರದ ಮೇಲೆ ಪದರ ಇಟ್ಟು ಕಟ್ಟಿದ ಕಾಂಪೊಸಿಟ್‌ನಲ್ಲಿ ಪದರಗಳ ನಡುವೆ ಎಳೆಯೇ ಇರುವುದಿಲ್ಲ, ಇರುವುದು ರಾಳ ಮಾತ್ರ. ಹಠಾತ್ ಪೆಟ್ಟಿಗೆ ಅಲ್ಲಿ ಸೀಳು ಹುಟ್ಟುತ್ತದೆ, ಪೆಡಸು ರಾಳದಲ್ಲಿ ಅದು ಬಿದಿರಿನ ಸೀಳಿನಂತೆಯೇ ಓಡುತ್ತದೆ. ರೋಲ್ಸ್‌ರಾಯ್ಸ್ ಟೈಟೇನಿಯಮ್ಮಿಗೆ ಮರಳಬೇಕಾಯಿತು. ಈ ಎಂಜಿನ್ನಿನ ಒಟ್ಟು ಖರ್ಚು ಕೈಮೀರಿ 1971ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯೆದ್ದಿತು. ಅಲಗು ಅದಕ್ಕೆ ಏಕೈಕ ಕಾರಣವಲ್ಲ, ಕಾರಣಗಳಲ್ಲೊಂದು.

ಕಾಲು ಶತಮಾನದ ನಂತರ, 1995ರಲ್ಲಿ, ಜನರಲ್ ಎಲೆಕ್ಟ್ರಿಕ್‌ನ ಜಿಇ90 ಎಂಜಿನ್ ಬೋಯಿಂಗ್ 777ರಲ್ಲಿ ಸೇವೆಗೆ ಬಂತು. ಅದರ ಬೀಸಣಿಗೆಯ 22 ಅಲಗುಗಳೂ ಕಾರ್ಬನ್ ಕಾಂಪೊಸಿಟ್. ನಡುವೆ ಬದಲಾದದ್ದೇನು? ಎಳೆಗಳು ಸುಧಾರಿಸಿದ್ದವು. ಅಲಗಿನ ಮುಂಚೂಣಿಗೆ ಟೈಟೇನಿಯಮ್ ಹೊದಿಕೆ ಬಂದಿತ್ತು. ಇವೆರಡರಷ್ಟೇ ಮುಖ್ಯವಾಗಿ, ಎಪಾಕ್ಸಿಯೇ ಬೇರೆಯದಾಗಿತ್ತು. ಅದರೊಳಗೆ ಮೆತ್ತನೆಯ, ರಬ್ಬರಿನಂಥ ಸೂಕ್ಷ್ಮ ಕಣಗಳನ್ನು ಹದವಾಗಿ ಬೆರೆಸಿದ್ದರು. ಸೀಳಿನ ತುದಿ ಅಂಥ ಕಣದ ಬಳಿ ಬಂದಾಗ ಕಣ ಹಿಗ್ಗುತ್ತದೆ, ಸುತ್ತಲಿನ ರಾಳ ನುಲಿಯುತ್ತದೆ, ಸೀಳನ್ನು ಮುಂದೂಡಬೇಕಿದ್ದ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಮುಂದೆ ಬೋಯಿಂಗ್ 787ರ ಮೈಗೂ ಇದೇ ದಾರಿ ಹಿಡಿದರು. ಅಲ್ಲಿ ಥರ್ಮೋಪ್ಲಾಸ್ಟಿಕ್ (ಬಿಸಿ ಮಾಡಿದರೆ ಮತ್ತೆ ಕರಗುವ ಪ್ಲಾಸ್ಟಿಕ್) ಕಣಗಳನ್ನು ಬೇಕೆಂದೇ ಪದರಗಳ ನಡುವೆಯೇ ಉಳಿಯುವಂತೆ ಮಾಡಿದ್ದಾರೆ. ಬಿದಿರು ಎಲ್ಲಿ ಸೀಳುತ್ತದೋ ಅಲ್ಲೇ ಕಾವಲು.

ಮೆತ್ತನೆಯದನ್ನು ಬೆರೆಸುವುದಕ್ಕೆ ಬೆಲೆಯೂ ಇದೆ. ಬಿಗುಪು ಇಳಿಯಬಹುದು, ಬಿಸಿ ತಡೆಯುವ ಶಕ್ತಿ ತಗ್ಗಬಹುದು. ರಾಳದ ಆಯ್ಕೆಯಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು. ಎಲ್ಲ ಗುಣವೂ ತುಂಬಿದ ರಾಳವನ್ನು ಯಾರೂ ಈವರೆಗೆ ಮಾಡಿಲ್ಲ.

ಬಿಸಿಯ ವಿಚಾರವನ್ನೇ ನೋಡೋಣ. ಕಾರ್ಬನ್ ಎಳೆ ಗಾಳಿಯಿಲ್ಲದ ಕಡೆ 2000 ಡಿಗ್ರಿ ಸೆಲ್ಸಿಯಸ್ಸಿಗೂ ಅಂಜುವುದಿಲ್ಲ. ಎಪಾಕ್ಸಿ ಮಾತ್ರ ಒಂದು ಮಿತಿ ದಾಟಿದೊಡನೆ ಗಾಜಿನ ಬಿಗುಪು ಕಳೆದುಕೊಂಡು ರಬ್ಬರಿನಂತಾಗುತ್ತದೆ. 180 ಡಿಗ್ರಿಯಲ್ಲಿ ಬೇಯಿಸಿದ ವೈಮಾನಿಕ ಎಪಾಕ್ಸಿಯನ್ನೂ 120 ಡಿಗ್ರಿಯ ಆಸುಪಾಸಿನವರೆಗಷ್ಟೇ ನಂಬುತ್ತಾರೆ. ಏಕೆಂದರೆ ಎಪಾಕ್ಸಿ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ, ಹೀರಿದ ನೀರು ಆ ಮಿತಿಯನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಆದ್ದರಿಂದ ಒಣ ಮಾದರಿಯ ಪರೀಕ್ಷೆ ಚೆನ್ನಾಗಿ ಬಂದರೆ ಸಾಲದು. ನೀರು ಕುಡಿದು ಬಿಸಿಯಾದ ಮಾದರಿಯೂ ಗೆಲ್ಲಬೇಕು. ಮಳೆಗಾಲದ ಕರಾವಳಿಯಲ್ಲಿ ನಿಲ್ಲುವ ವಿಮಾನಕ್ಕೆ ಬೇಕಾದದ್ದು ಆ ಅಂಕಿ.

ಇನ್ನೂ ಹೆಚ್ಚು ಬಿಸಿಗೆ ಬಿಸ್‌ಮೇಲಿಮೈಡ್ ಎಂಬ ರಾಳ ಇದೆ, ಅದಕ್ಕೂ ಮೇಲೆ ಪಾಲಿಇಮೈಡ್. 1970ರ ದಶಕದಲ್ಲಿ ನಾಸಾದವರು ರೂಪಿಸಿದ ಪಿಎಂಆರ್-15 ಎಂಬ ಪಾಲಿಇಮೈಡ್ 290 ಡಿಗ್ರಿಯ ಹತ್ತಿರ ದೀರ್ಘಕಾಲ ದುಡಿಯುತ್ತದೆ. ನಮ್ಮ ತೇಜಸ್ ಬಳಸುವ ಎಫ್404 ಎಂಜಿನ್ನಿನ ಕುಟುಂಬದಲ್ಲೇ ಟೈಟೇನಿಯಮ್ ಕೊಳವೆಯ ಜಾಗಕ್ಕೆ ಇದರ ಕಾಂಪೊಸಿಟ್ ಬಂದಿತ್ತು. ಆದರೆ ಇದರ ತಯಾರಿಯಲ್ಲಿ ಬಳಸುವ ಒಂದು ಅಮೈನ್ ಯಕೃತ್ತಿಗೆ ಹಾನಿಕರ, ಕ್ಯಾನ್ಸರ್ ಶಂಕೆಯೂ ಉಂಟು. ರಾಳವನ್ನು ಆರಿಸುವಾಗ ಅದನ್ನು ಕೈಯಲ್ಲಿ ಹಿಡಿದು ಪದರ ಹಾಸುವ ಕೆಲಸಗಾರರ ಆರೋಗ್ಯವೂ ಲೆಕ್ಕಕ್ಕೆ ಬರಬೇಕು. ಕೋಷ್ಟಕಗಳಲ್ಲಿ ಈ ಸಾಲು ಬಹಳ ಸಲ ಕಾಣುವುದೇ ಇಲ್ಲ.

ವಿಮಾನದ ಒಳಗೋಡೆಗಳ ಚಿಂತೆ ಬೇರೆ. ಅಲ್ಲಿ ಭಾರ ಕಡಿಮೆ, ಬೆಂಕಿಯ ಭಯ ಹೆಚ್ಚು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್‌ನ ಕುಲದ ಫೀನಾಲಿಕ್ ರಾಳಕ್ಕೆ ಅಲ್ಲಿ ಇಂದಿಗೂ ಬೇಡಿಕೆ. ಅದು ಪೆಡಸು, ಗಟ್ಟಿಯಾಗುವಾಗ ನೀರಿನ ಆವಿ ಬಿಟ್ಟು ಒಳಗೆ ಗುಳ್ಳೆ ಉಳಿಸುತ್ತದೆ. ಆದರೆ ಉರಿ ತಾಗಿದಾಗ ಹೊಗೆ ಕಡಿಮೆ ಬಿಡುತ್ತದೆ, ಕರಗಿ ತೊಟ್ಟಿಕ್ಕದೆ ಇದ್ದಿಲಾಗುತ್ತದೆ. ಈ ಇದ್ದಿಲಾಗುವ ಗುಣವೇ ಅದನ್ನು ಅಂತರಿಕ್ಷಕ್ಕೂ ಒಯ್ದಿತು. ಧೂಮಕೇತುವಿನ ಧೂಳು ಹೊತ್ತು 2006ರ ಜನವರಿಯಲ್ಲಿ ಸೆಕೆಂಡಿಗೆ ಸುಮಾರು 12.9 ಕಿ.ಮೀ. ವೇಗದಲ್ಲಿ ವಾತಾವರಣ ಹೊಕ್ಕ ಸ್ಟಾರ್‌ಡಸ್ಟ್ ಕೋಶವನ್ನು ಕಾಪಾಡಿದ್ದು ಫೀನಾಲಿಕ್ ಹೀರಿದ ಕಾರ್ಬನ್ ಕವಚ.

ದೋಣಿಯ ಲೆಕ್ಕ ಮತ್ತೂ ಬೇರೆ. ಕೈಯಿಂದ ಗಾಜಿನ ಮ್ಯಾಟ್ ಹಾಸಿ, ಬ್ರಷ್ಷಿನಲ್ಲಿ ರಾಳ ಬಳಿದು ಮಾಡಿದ ಹಡಗಿನ ಮೈಯಲ್ಲಿ ತೂಕದ ಸುಮಾರು ಮೂರನೇ ಎರಡು ಪಾಲು ರಾಳವೇ. ಅಲ್ಲಿ ಅಗ್ಗದ ಪಾಲಿಯೆಸ್ಟರ್ ಸರಿಯಾದ ಆಯ್ಕೆ. ಅದಕ್ಕೆ ಓವನ್ ಬೇಡ, ಕೊಠಡಿಯ ಬಿಸಿಯಲ್ಲೇ ಗಟ್ಟಿಯಾಗುತ್ತದೆ. ಆದರೆ ಪಾಲಿಯೆಸ್ಟರ್‌ಗಳಲ್ಲೂ ಮೇಲು ಕೀಳು ಇವೆ. ಅಗ್ಗದ ಆರ್ಥೋ ಬಗೆಯದು ನೀರಿಗೆ ಬೇಗ ಸೋಲುತ್ತದೆ. ಜೆಲ್‌ಕೋಟ್ ಎಂಬ ಹೊರಮೈಯ ರಾಳದ ಲೇಪ ದಾಟಿ ಒಳಸೇರಿದ ನೀರು ರಾಳದಲ್ಲಿ ಉಳಿದ ಕರಗುವ ಅಂಶಗಳನ್ನು ಕರಗಿಸುತ್ತದೆ, ಆ ಗಾಢ ದ್ರಾವಣ ಇನ್ನಷ್ಟು ನೀರನ್ನು ಸೆಳೆಯುತ್ತದೆ, ಮೈಮೇಲೆ ಬೊಬ್ಬೆಗಳೇಳುತ್ತವೆ. ಐಸೋ ಬಗೆಯ ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ಇದನ್ನು ಬಹುಮಟ್ಟಿಗೆ ತಡೆಯುತ್ತವೆ. ಹೊರಗಿನ ಪದರಗಳಿಗಷ್ಟೇ ಒಳ್ಳೆಯ ರಾಳ ಬಳಸಿದರೂ ದೋಣಿಯ ಆಯಸ್ಸು ಹೆಚ್ಚುತ್ತದೆ. ದೋಣಿ ಮಾಡಿಸುವವರು ಎಷ್ಟು ಪದರ ಗಾಜು ಎಂದು ಕೇಳುವ ಜೊತೆಗೆ ಯಾವ ರಾಳ ಎಂದೂ ಕೇಳಬೇಕು ಎಂಬುದು ನನ್ನ ಕಳಕಳಿಯ ಮಾತು.

ಇನ್ನು ತಯಾರಿಕೆ. ವಿಮಾನದ ಎಪಾಕ್ಸಿ ಅರೆಬೆಂದ ಸ್ಥಿತಿಯಲ್ಲಿ ಎಳೆಗಳೊಡನೆ ಹಾಳೆಯಾಗಿ ಬರುತ್ತದೆ. ಹೊರಗಿಟ್ಟರೆ ಅದರ ರಸಾಯನಕ್ರಿಯೆ ನಿಲ್ಲದೆ ಸಾಗುವುದರಿಂದ ಮೈನಸ್ 18 ಡಿಗ್ರಿಯ ಶೀತಲ ಕೋಣೆಯಲ್ಲಿ ಕಾಪಿಡಬೇಕು. ಆಮೇಲೆ ಹಾಳೆಗಳನ್ನು ಹಾಸಿ, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸಬೇಕು. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಈ ವಿದ್ಯೆಯಲ್ಲಿ ದೊಡ್ಡ ಸಾಧನೆ ಮಾಡಿದೆ. ತೇಜಸ್‌ನ ಬಾಲದ ಲಂಬ ರೆಕ್ಕೆಯಂಥ ಭಾಗಗಳಲ್ಲಿ ಚರ್ಮ ಮತ್ತು ಒಳಪಟ್ಟಿಗಳನ್ನು ಬೇರೆ ಬೇರೆ ಮಾಡಿ ರಿವೆಟ್ ಹೊಡೆಯುವ ಬದಲು ಒಟ್ಟಿಗೇ ಬೇಯಿಸಿ ಒಂದಾಗಿಸಿದರು. ಇದು ಸಾಧ್ಯವಾದದ್ದು ರಾಳದಿಂದ: ಅದು ಯಾವ ಬಿಸಿಯಲ್ಲಿ ತೆಳುವಾಗಿ ಹರಿಯುತ್ತದೆ, ಯಾವ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ ಎಂಬುದನ್ನು ಕರಾರುವಾಕ್ಕಾಗಿ ತಿಳಿದವರಿಂದ. ಸಾರಸ್ ವಿಮಾನದ ರೆಕ್ಕೆಗೆ ಎನ್‌ಎಎಲ್ ಆಟೋಕ್ಲೇವ್ ಬೇಡದ ದಾರಿಯನ್ನೂ ರೂಪಿಸಿತು. ಒಣ ಎಳೆಗಳ ಹಾಸಿನೊಳಕ್ಕೆ ನಿರ್ವಾತದಿಂದ ರಾಳವನ್ನು ಎಳೆದುಕೊಳ್ಳುವ ಆ ವಿಧಾನದ ಹೆಸರು ವೆರಿಟಿ. ಅದಕ್ಕೆ ತೆಳು ರಾಳ ಬೇಕು, ನೀರಿಗಿಂತ ಕೆಲವು ನೂರು ಪಟ್ಟು ಮಂದವಾದರೆ ಅಡ್ಡಿಯಿಲ್ಲ. ಪೀಕ್‌ನಂಥ ಥರ್ಮೋಪ್ಲಾಸ್ಟಿಕ್ ಕರಗಿದಾಗಲೂ ನೀರಿಗಿಂತ ಲಕ್ಷಗಟ್ಟಲೆ ಪಟ್ಟು ಮಂದ. ಅದನ್ನು ಹೀಗೆ ಹರಿಸಲಾಗದು. ಬದಲಿಗೆ ಅದು ಬಿಸಿ ಮಾಡಿದರೆ ಮತ್ತೆ ಕರಗುತ್ತದೆ, ಬೆಸೆಯಬಹುದು, ಪೆಟ್ಟಿಗೂ ಜಗ್ಗುವುದಿಲ್ಲ. ಏರ್‌ಬಸ್ ಎ380ರ ರೆಕ್ಕೆಯ ಮುಂಚೂಣಿಯನ್ನು ಗಾಜು ಮತ್ತು ಪಿಪಿಎಸ್ ಎಂಬ ಥರ್ಮೋಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದಾರೆ.

ನನ್ನನ್ನು ಅತಿಯಾಗಿ ಬೆರಗುಗೊಳಿಸುವುದು ಸೆರಾಮಿಕ್ ಮ್ಯಾಟ್ರಿಕ್ಸ್. ರಾಳದ ಕಾಂಪೊಸಿಟ್‌ಗಳಲ್ಲಿ ಎಳೆಗೂ ರಾಳಕ್ಕೂ ಹಿಡಿತ ಬಿಗಿಯಾಗಲೆಂದು ಏನೆಲ್ಲ ಉಪಚಾರ ಮಾಡುತ್ತಾರೆ. ಸೆರಾಮಿಕ್‌ನಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ಮೊದಲು ಬಿರಿಯುವುದು ಮ್ಯಾಟ್ರಿಕ್ಸ್. ಹಿಡಿತ ಬಿಗಿಯಾಗಿದ್ದರೆ ಬಿರುಕು ಎಳೆಯನ್ನೂ ಕತ್ತರಿಸಿಕೊಂಡು ಆಚೆ ಬದಿ ತಲುಪುತ್ತದೆ, ಇಡೀ ತುಂಡು ಹೆಂಚಿನಂತೆ ಒಡೆಯುತ್ತದೆ. ಆದ್ದರಿಂದ ಪ್ರತಿ ಎಳೆಗೂ ಬೋರಾನ್ ನೈಟ್ರೈಡ್‌ನ ತೆಳು, ದುರ್ಬಲ ಲೇಪ ಕೊಡುತ್ತಾರೆ. ಬಿರುಕು ಅಲ್ಲಿಗೆ ಬಂದು ದಾರಿ ಬದಲಿಸಿ ಎಳೆಯ ಮೈಗುಂಟ ಹರಿಯುತ್ತದೆ, ಎಳೆ ಮುರಿಯದೆ ಬಿರುಕಿನ ಎರಡೂ ದಡವನ್ನು ಹಿಡಿದು ನಿಲ್ಲುತ್ತದೆ. 2016ರಿಂದ ಸೇವೆಯಲ್ಲಿರುವ ಲೀಪ್ ಎಂಜಿನ್ನಿನ ಟರ್ಬೈನ್ ಸುತ್ತಿನ ಕವಚದ ತುಂಡುಗಳು ಹೀಗೆ ಮಾಡಿದ ಸಿಲಿಕಾನ್ ಕಾರ್ಬೈಡ್ ಕಾಂಪೊಸಿಟ್. ಲೋಹದ ಮ್ಯಾಟ್ರಿಕ್ಸ್‌ನಲ್ಲಿ ತೊಡಕು ಇನ್ನೊಂದು: ಕರಗಿದ ಅಲ್ಯುಮಿನಿಯಮ್ ಕಾರ್ಬನ್ ಎಳೆಯೊಡನೆ ಸೇರಿ ಪೆಡಸು ಕಾರ್ಬೈಡ್ ಆಗಿಬಿಡುತ್ತದೆ. ಅಲ್ಲಿಯೂ ನಡುವಿನ ಲೇಪವೇ ಗತಿ.

ಈಗ ಎದುರಿಗಿರುವ ದೊಡ್ಡ ಪ್ರಶ್ನೆ ಆಯಸ್ಸು ಮುಗಿದ ಮೇಲಿನದು. ಎಪಾಕ್ಸಿ, ಪಾಲಿಯೆಸ್ಟರ್‌ಗಳ ಅಣುಗಳು ಗಟ್ಟಿಯಾಗುವಾಗ ಒಂದಕ್ಕೊಂದು ಶಾಶ್ವತವಾಗಿ ಬೆಸೆದುಕೊಳ್ಳುತ್ತವೆ, ಮತ್ತೆ ಕರಗಿಸುವಂತಿಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗಳಿಗೆ ಸಾಮಾನ್ಯವಾಗಿ 20ರಿಂದ 25 ವರ್ಷದ ಆಯಸ್ಸು ಎಣಿಸುತ್ತಾರೆ. ಕಳಚಿದ ರೆಕ್ಕೆಯನ್ನು ಇಂದು ಹೂಳುವುದು, ಸುಡುವುದು, ಪುಡಿಮಾಡಿ ಸಿಮೆಂಟ್ ಗೂಡಿಗೆ ಹಾಕುವುದು, ಇಷ್ಟೇ ಸುಲಭದ ದಾರಿಗಳು. ಒಳಗಿರುವ ಗಾಜಿನ ಎಳೆ ಇನ್ನೂ ಗಟ್ಟಿಮುಟ್ಟಾಗಿದ್ದರೂ ರಾಳ ಅದನ್ನು ಬಿಟ್ಟುಕೊಡುವುದಿಲ್ಲ. ಸೀಮೆನ್ಸ್ ಗಮೇಸಾ 2021ರಲ್ಲಿ ಪ್ರಕಟಿಸಿದ ರೆಕ್ಕೆಯಲ್ಲಿ ಬೇರೆ ಬಗೆಯ ಎಪಾಕ್ಸಿ ಇದೆ. ಬಿಸಿ ಮಾಡಿದ ಸೌಮ್ಯ ಆಮ್ಲದಲ್ಲಿ ಅದರ ಬೆಸುಗೆಗಳು ಬಿಚ್ಚಿಕೊಳ್ಳುತ್ತವೆ, ಎಳೆ ಬೇರೆಯಾಗಿ ಕೈಗೆ ಸಿಗುತ್ತದೆ. ಆ ರಾಳದ ತಂತ್ರಜ್ಞಾನ ಆದಿತ್ಯ ಬಿರ್ಲಾ ಸಮೂಹದ್ದು. ಇನ್ನೊಂದು ಕಡೆ ಆರ್ಕೆಮಾ ಕಂಪನಿಯ ಎಲಿಯಮ್ ಎಂಬ ಥರ್ಮೋಪ್ಲಾಸ್ಟಿಕ್ ರಾಳ ದ್ರವರೂಪದಲ್ಲಿ ಅಚ್ಚಿನೊಳಗೆ ಹರಿದು ಅಲ್ಲೇ ಗಟ್ಟಿಯಾಗುತ್ತದೆ. ಅದರಿಂದ 62 ಮೀಟರ್ ಉದ್ದದ ರೆಕ್ಕೆಯನ್ನು 2022ರಲ್ಲಿ ಮಾಡಿ ತೋರಿಸಿದರು. ಕರ್ನಾಟಕದಲ್ಲಿ ಹಳೆಯ ಯಂತ್ರಗಳ ಜಾಗಕ್ಕೆ ಹೊಸವು ಬರುವಾಗ ಟೆಂಡರಿನಲ್ಲಿ ರೆಕ್ಕೆಯ ಉದ್ದ, ಯಂತ್ರದ ಮೆಗಾವ್ಯಾಟ್ ಬರೆಯುವ ಜೊತೆಗೆ ರಾಳದ ಹೆಸರನ್ನೂ, ಅದನ್ನು ಬಿಚ್ಚುವ ಬಗೆಯನ್ನೂ ಬರೆಯುವಂತೆ ಕೇಳಲು ಇದು ತಕ್ಕ ಸಮಯ.